ದೊಡ್ಡಿಗೆ ಹೋದ ಕಾರು

ದೊಡ್ಡಿ ಎಂಬ ಮಾತನ್ನು ಈಗಿನ ಮಕ್ಕಳಿಗೆ ವಿವರಿಸಿಯೇ ಹೇಳಬೇಕು. ಊರಿನ ಒಂದು ಮೂಲೆಯಲ್ಲಿ ಎದೆಮಟ್ಟದ ಗೋಡೆ, ಅದಕ್ಕೊಂದು ಬಾಗಿಲು, ಒಳಗೆ ಸಗಣಿಯ ರಾಡಿ, ನಾಲ್ಕಾರು ಬಡಕಲು ದನ. ದೊಡ್ಡಿ ಎಂದರೆ ಇಷ್ಟೇ. ಯಾರದೋ ಗದ್ದೆಗೆ ನುಗ್ಗಿದ ಹಸು, ಪೇಟೆಯಲ್ಲಿ ಸೊಪ್ಪಿನ ಬುಟ್ಟಿಗೆ ಬಾಯಿ ಹಾಕಿದ ಹೋರಿ ಎಲ್ಲ ಕೊನೆಗೆ ಅಲ್ಲಿ ಸೇರುತ್ತಿದ್ದವು. ಕತ್ತಲಾದರೂ ಹಸು ಕೊಟ್ಟಿಗೆಗೆ ಬರಲಿಲ್ಲವೆಂದರೆ ಮನೆಯ ಹೆಂಗಸರು, "ದೊಡ್ಡಿಗೆ ಹೊಡೆದಿದ್ದಾರೋ ಏನೋ, ನೋಡಿಕೊಂಡು ಬನ್ನಿ" ಎನ್ನುತ್ತಿದ್ದರು. ಗಂಡಸರು ಅಂಗಿ ಸಿಕ್ಕಿಸಿಕೊಂಡು ಹೋಗಿ, ದಂಡ ಕಟ್ಟಿ, ಮೇವಿನ ಖರ್ಚು ಕೊಟ್ಟು ಬಿಡಿಸಿಕೊಂಡು ಬರುತ್ತಿದ್ದರು. ದಾರಿಯುದ್ದಕ್ಕೂ ಬೈಗುಳ. ಅದರಲ್ಲಿ ಅರ್ಧ ದನಕ್ಕೆ, ಇನ್ನರ್ಧ ಅದನ್ನು ಹೊಡೆದವನಿಗೆ.

ಇಂಥ ದೊಡ್ಡಿಗೂ ಒಂದು ಕಾಯಿದೆಯಿತ್ತು. 1871ರಲ್ಲಿ ಬ್ರಿಟಿಷರು ಮಾಡಿದ ದನಗಳ ಅತಿಕ್ರಮ ಪ್ರವೇಶ ಕಾಯಿದೆ. ಅದನ್ನು ಓದಿದರೆ ಆಶ್ಚರ್ಯವಾಗುತ್ತದೆ. ಪೈರು ಹಾಳುಮಾಡಿದ ದನವನ್ನು ಹಿಡಿದವನು 24 ಗಂಟೆಯೊಳಗೆ ದೊಡ್ಡಿಗೆ ತಲುಪಿಸಬೇಕು. ದೊಡ್ಡಿಯವನು ಪುಸ್ತಕದಲ್ಲಿ ದನ ಎಷ್ಟು, ಯಾವ ಬಣ್ಣ, ಬಂದದ್ದು ಯಾವ ದಿನ ಎಷ್ಟು ಗಂಟೆಗೆ, ಹಿಡಿದು ತಂದವನ ಹೆಸರೇನು, ಅವನ ವಾಸ ಎಲ್ಲಿ ಎಂಬುದನ್ನೆಲ್ಲ ಬರೆದಿಡಬೇಕು. ಬಿಡಿಸಿಕೊಳ್ಳುವ ತನಕ ದನಕ್ಕೆ ಮೇವು ನೀರು ಕೊಡಬೇಕು. ಹಿಡಿದದ್ದೇ ಅನ್ಯಾಯವೆಂದು ತೋರಿದರೆ ದನದ ಒಡೆಯ 10 ದಿನದೊಳಗೆ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದು. ದೂರು ಸಾಬೀತಾದರೆ ಕಟ್ಟಿದ ದಂಡ, ಮಾಡಿದ ಖರ್ಚು ವಾಪಸು. ಅದರ ಮೇಲೆ 100 ರೂಪಾಯಿ ಮೀರದ ಪರಿಹಾರ. 1871ರ 100 ರೂಪಾಯಿ ಎಂಬುದನ್ನು ಮರೆಯಬಾರದು.

ಬಿ.ಎ., ಬಿ.ಎಡ್. ಮಾಡಿ ಪಾಠ ಹೇಳಿಕೊಂಡಿರುವ ನನಗೆ ದನದ ಕಾಯಿದೆ ಯಾಕೆ ಬೇಕಾಯಿತು ಎಂದು ನೀವು ಕೇಳಬಹುದು. ಬೇಕಾದದ್ದು ನಮ್ಮ ಕಾರಿನಿಂದ.

ನಾವಿರುವುದು ಶಿವಮೊಗ್ಗದ ರವೀಂದ್ರನಗರದಲ್ಲಿ. ಗಣಪತಿ ದೇವಸ್ಥಾನದ ಬಡಾವಣೆ ಎಂದರೆ ಆಟೋದವರಿಗೆ ಬೇರೆ ಗುರುತು ಬೇಡ. ಮೊದಲು ಇಲ್ಲಿ ಕಾಂಪೌಂಡಿನೊಳಗೊಂದು ಮನೆ, ಮನೆಯ ಮುಂದೊಂದು ಪಾರಿಜಾತ, ಹಿಂದೆರಡು ತೆಂಗು ಎಂಬ ಲೆಕ್ಕವಿತ್ತು. ಸೈಕಲ್ಲು, ಲೂನಾಗಳನ್ನು ಜಗುಲಿಯ ಪಕ್ಕ ಒರಗಿಸಿದರೆ ಮುಗಿಯಿತು. ಹಳಬರು ತೀರಿಕೊಂಡು ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋದ ಮೇಲೆ ಅಂಥ ಕೆಲವು ಮನೆಗಳು ಬಿದ್ದು, ಅದೇ ಜಾಗದಲ್ಲಿ ಮೂರು ಮಹಡಿ ಎದ್ದು, ಒಂದು ಕುಟುಂಬವಿದ್ದಲ್ಲಿ ಹನ್ನೆರಡು ಕುಟುಂಬ ಬಂದವು. ಹನ್ನೆರಡು ಅಡುಗೆಮನೆಗೆ ಜಾಗ ಸಿಕ್ಕಿತು. ಹನ್ನೆರಡು ಕಾರಿಗೆ ಮಾತ್ರ ಸಾಲಲಿಲ್ಲ. ಕೆಳಗೆ ಕಂಬಗಳ ನಡುವೆ ಬಿಳಿ ಬಣ್ಣದಲ್ಲಿ ಗೆರೆ ಎಳೆದು ನಂಬರು ಬರೆದರು. ವಠಾರಗಳಲ್ಲಿ ನಲ್ಲಿಯ ಮುಂದೆ ನಡೆಯುತ್ತಿದ್ದ ಜಗಳ ಈಗ ಆ ಗೆರೆಗಳ ಮೇಲೆ ನಡೆಯುತ್ತದೆ.

ಅಂಥದೊಂದು ಕಟ್ಟಡದ ಎರಡನೆಯ ಮಹಡಿಯಲ್ಲಿ ನಾವು ಬಾಡಿಗೆಗಿದ್ದೇವೆ. ಬಾಡಿಗೆ ಕರಾರಿನಲ್ಲಿ ಮನೆಯ ಜೊತೆ 7ನೇ ನಂಬರಿನ ಪಾರ್ಕಿಂಗ್ ಎಂದು ಸ್ಪಷ್ಟವಾಗಿ ಬರೆದಿದೆ. ಮೊದಲ ಮಹಡಿಯ ಒಬ್ಬ ಮಾಲೀಕರಿಗೆ ಎರಡು ಕಾರು. ಬಿಲ್ಡರಿಗೆ ಆ ಕಾಲದಲ್ಲೇ ದುಡ್ಡು ಕೊಟ್ಟು 7ನೇ ನಂಬರನ್ನು ತಾವು ಕೊಂಡಿರುವುದಾಗಿ ಅವರ ವಾದ. ಅದಕ್ಕೆ ಅವರಲ್ಲಿ ಬಿಲ್ಡರ್ ಬರೆದುಕೊಟ್ಟ ಒಂದು ಬಿಳಿ ಹಾಳೆಯೂ ಇದೆ. ಈ ವಿಷಯ ನಮ್ಮ ಮನೆಯ ಓನರಿಗೂ ಅವರಿಗೂ ನಡುವೆ ಫೋನಿನಲ್ಲಿ ಹೊಗೆಯಾಡುತ್ತಿತ್ತಂತೆ. ನಮಗೆ ಗೊತ್ತಿರಲಿಲ್ಲ.

2023ರ ಆಗಸ್ಟ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಆರೂವರೆಗೆ ನಾನು ನಮ್ಮ ಅತ್ತೆಯವರನ್ನು ಕರೆದುಕೊಂಡು ಕೆಳಗಿಳಿದೆ. ಅತ್ತೆಗೆ ಎಪ್ಪತ್ತೆಂಟು. ವಾರಕ್ಕೆರಡು ದಿನ, ಸೋಮವಾರ ಮತ್ತು ಗುರುವಾರ, ಏಳು ಗಂಟೆಗೆ ಡಯಾಲಿಸಿಸ್. ಅದು ಮುಗಿದ ಮೇಲೆ ಅವರಿಗೆ ಬಿ.ಪಿ. ಇಳಿದು ತಲೆ ಎತ್ತಲಾಗುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಒಂದು ದಿಂಬು, ಒಂದು ಶಾಲು ಸದಾ ಇರುತ್ತಿದ್ದವು. ಜೊತೆಗೆ ಪ್ರತಿ ಸಲದ ತೂಕ, ಬಿ.ಪಿ. ಬರೆಯುವ ಆಸ್ಪತ್ರೆಯ ಪುಸ್ತಕ. ನಾವು ಇನ್ನೂ ಕಾರು ಇಟ್ಟುಕೊಂಡಿದ್ದೇ ಈ ಎರಡು ದಿನಗಳಿಗಾಗಿ ಎಂದರೂ ತಪ್ಪಲ್ಲ.

7ನೇ ನಂಬರು ಖಾಲಿಯಿತ್ತು. ನೆಲದ ಟೈಲ್ಸಿನ ಮೇಲೆ ಅಲ್ಲಿಂದ ಗೇಟಿನವರೆಗೆ ಎರಡು ಕಪ್ಪು ಗೆರೆ. ಹ್ಯಾಂಡ್‌ಬ್ರೇಕ್ ಹಾಕಿದ ಕಾರಿನ ಮುಂದಿನ ಚಕ್ರ ಎತ್ತಿ ಎಳೆದರೆ ಹಿಂದಿನ ಚಕ್ರ ಉರುಳುವುದಿಲ್ಲ, ತೇಯುತ್ತದೆ. ಆ ರಬ್ಬರಿನ ಗೆರೆ ಅದು.

ವಾಚ್‌ಮನ್ ಓಡಿ ಬಂದ. "ರಾತ್ರಿ ಒಂಬತ್ತೂವರೆಗೆ ಕ್ರೇನ್ ಬಂದಿತ್ತು ಮೇಡಂ. ಸೆಕ್ರೆಟರಿ ಸಾರ್ ನಿಂತು ಎತ್ತಿಸಿದ್ರು. ನಿಮಗೆ ಗೊತ್ತಿದೆ ಅಂದ್ಕೊಂಡೆ" ಎಂದ. ಮಳೆಯ ಸದ್ದಿನಲ್ಲಿ ಮೇಲಿದ್ದ ನಮಗೆ ಏನೂ ಕೇಳಿಸಿರಲಿಲ್ಲ.

ಅತ್ತೆ ನನ್ನ ಮುಖ ನೋಡಿ, "ಆಟೋ ಕರಿಯೇ, ಹೊತ್ತಾಯ್ತು. ಜಗಳ ಎಲ್ಲಿಗೂ ಓಡಿಹೋಗಲ್ಲ" ಎಂದರು. ಆಟೋದಲ್ಲಿ ಹೋದೆವು. ಪುಸ್ತಕವಿಲ್ಲದ್ದರಿಂದ ಸಿಸ್ಟರುಗಳು ಹಳೆಯ ರಿಜಿಸ್ಟರು ತೆಗೆದು ಹಿಂದಿನ ಸಲದ ತೂಕ ಹುಡುಕಿ ಶುರುಮಾಡುವಾಗ ಮುಕ್ಕಾಲು ಗಂಟೆ ತಡವಾಯಿತು. ಬರುವಾಗ ಅತ್ತೆ ಆಟೋದ ಕಂಬಿ ಹಿಡಿದುಕೊಂಡು, ನನ್ನ ಹೆಗಲಿಗೆ ಒರಗಿ, ಪ್ರತಿ ಹಂಪಿಗೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಅವರು ಏನಾದರೂ ಅಂದಿದ್ದರೆ ನನ್ನ ಸಿಟ್ಟು ಅಲ್ಲಿಗೇ ಇಳಿಯುತ್ತಿತ್ತೋ ಏನೋ.

ಕಾರು ಊರಾಚೆ ಒಂದು ಗ್ಯಾರೇಜಿನ ಬಯಲಿನಲ್ಲಿ, ಕೆಸರಿನಲ್ಲಿ ನಿಂತಿತ್ತು. ಎಳೆದದ್ದಕ್ಕೆ 2,000, ನಿಲ್ಲಿಸಿಕೊಂಡದ್ದಕ್ಕೆ 1,500, ಒಟ್ಟು 3,500 ರೂಪಾಯಿ ಎಂದ ಅಲ್ಲಿದ್ದ ಹುಡುಗ. ರಸೀದಿ ಕೇಳಿದೆ. "ರಸೀದಿ ಎಲ್ಲ ಇಲ್ಲ ಮೇಡಂ, ಹೇಳಿದೋರು ಅವರು, ನಾವು ತಂದೋರು." ಯಾರು ಹೇಳಿದರೆಂದು ಬರೆದುಕೊಡು ಎಂದರೆ ಅದಕ್ಕೂ ಒಪ್ಪಲಿಲ್ಲ. ಕಡೆಗೆ ನಾನೇ ಚೀಲದಿಂದ ಹಾಳೆ ತೆಗೆದು, ತಾರೀಖು, ಗಂಟೆ, ಮೊತ್ತ, ಟೈರು ಮತ್ತು ಬಂಪರಿನ ಸ್ಥಿತಿ ಎಲ್ಲ ಬರೆದು, "ಆಕ್ಷೇಪಣೆಯೊಂದಿಗೆ ಹಣ ಕೊಟ್ಟಿದ್ದೇನೆ" ಎಂದು ಕೊನೆಗೆ ಸೇರಿಸಿ, ಅವನ ಸಹಿ ಹಾಕಿಸಿಕೊಂಡೆ. ಸಹಿ ಮಾಡದಿದ್ದರೆ ಇಲ್ಲೇ ಕೂರುತ್ತೇನೆ ಎಂದು ನಾನು ಸ್ಟೂಲಿನ ಮೇಲೆ ಕೂತ ರೀತಿ ನೋಡಿ ಹಾಕಿದ. ಆಗ ನನಗೆ ದೊಡ್ಡಿಯ ನೆನಪಾದದ್ದು. ದನವನ್ನು ಹಿಡಿದು ತಂದವನ ಹೆಸರು ದೊಡ್ಡಿಯ ಪುಸ್ತಕದಲ್ಲಿ ಇರುತ್ತಿತ್ತು. ಕಾರನ್ನು ಎತ್ತಿಸಿದವರ ಹೆಸರು ಎಲ್ಲೂ ಇರಲಿಲ್ಲ.

ಸಂಜೆ ಸೆಕ್ರೆಟರಿಯವರ ಮನೆಗೆ ಹೋದೆ. ನಿವೃತ್ತರು, ಸಂಭಾವಿತರು, ಕಾಫಿ ಕೊಡಿಸಿದರು. "ಗ್ರೂಪಿನಲ್ಲಿ ಎರಡು ಸಲ ನೋಟೀಸು ಹಾಕಿದ್ದೆವಲ್ಲ ಮೇಡಂ" ಎಂದರು. ಯಾವ ಗ್ರೂಪು? ಮಾಲೀಕರ ವಾಟ್ಸ್‌ಆ್ಯಪ್ ಗ್ರೂಪು. ಅದರಲ್ಲಿ ಬಾಡಿಗೆಯವರಿಗೆ ಪ್ರವೇಶವಿಲ್ಲ. ಊರಿಗೆಲ್ಲ ಡಂಗುರ ಸಾರಿ, ಸಂಬಂಧಪಟ್ಟವನ ಮನೆಯ ಮುಂದೆ ಮಾತ್ರ ಸುಮ್ಮನೆ ದಾಟಿಹೋದ ಹಾಗೆ. "ಕಾಲಿಂಗ್ ಬೆಲ್ ಒತ್ತಬಹುದಿತ್ತಲ್ಲ ಸಾರ್, ಲಿಫ್ಟೂ ಇದೆ" ಎಂದೆ. ಅವರು ನಕ್ಕು, "ನೀವು ಬಾಡಿಗೆಯವರು. ನಿಮ್ಮ ಓನರ್ ಬಂದು ಮಾತಾಡಲಿ" ಎಂದರು. ಅಷ್ಟು ಹೊತ್ತು ನನಗೆ 3,500 ರೂಪಾಯಿಯ ಚಿಂತೆಯಿತ್ತು. ಆ ಮಾತು ಕೇಳಿದ ಮೇಲೆ ರೂಪಾಯಿಯ ಚಿಂತೆ ಹೋಯಿತು.

ಪೊಲೀಸ್ ಠಾಣೆಗೆ ಹೋದರೆ, ಎಲ್ಲರಿಗೂ ಹೇಳುವ ಮಾತನ್ನೇ ನನಗೂ ಹೇಳಿದರು: "ಇದು ಸಿವಿಲ್ ಮ್ಯಾಟರ್ ಮೇಡಂ." ಆದರೂ ಅರ್ಜಿ ತೆಗೆದುಕೊಂಡು ಹಿಂಬರಹ ಕೊಟ್ಟರು. ಆ ವಾಹನವನ್ನು ಎತ್ತಲು ಠಾಣೆಯಿಂದ ಯಾರಿಗೂ ಅನುಮತಿ ಕೊಟ್ಟಿಲ್ಲ ಎಂಬ ಒಂದು ಸಾಲು ಅದರಲ್ಲಿತ್ತು. ಸಿವಿಲ್ ಎಂದು ಕೈತೊಳೆದುಕೊಳ್ಳಲು ಬರೆದ ಆ ಸಾಲೇ ಮುಂದೆ ನನ್ನ ಕೈಯ ಕೋಲಾಯಿತು.

ಒಂದು ಕಾಲಕ್ಕೆ ನನ್ನ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು ಎದುರು ವಾದಿಸುತ್ತಿದ್ದ ಹುಡುಗನೊಬ್ಬ ಈಗ ಇಲ್ಲಿನ ಕೋರ್ಟಿನಲ್ಲಿ ವಕೀಲ. ಅವನು ಕಾಯಿದೆಯ ಪುಸ್ತಕ ನನ್ನ ಮುಂದಿಟ್ಟು, "ಟೀಚರ್, ನೀವೇ ಓದಿ" ಎಂದ. 1988ರ ಮೋಟಾರು ವಾಹನಗಳ ಕಾಯಿದೆಯ 127ನೇ ಕಲಮು. ವಾಹನವನ್ನು ಎತ್ತಿಸುವ ಮಾತು ಬರುವುದು ಅಲ್ಲಿ. ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಹೆಚ್ಚು ಹೊತ್ತು ವಾಹನವನ್ನು ಬಿಟ್ಟುಹೋಗಿದ್ದರೆ, ಇಲ್ಲವೇ ಕಾನೂನಿನಂತೆ ನಿಲುಗಡೆ ನಿಷೇಧವಿರುವ ಕಡೆ ನಿಲ್ಲಿಸಿದ್ದರೆ, ಅದನ್ನು ಎಳೆಸಲು ಅಥವಾ ಚಕ್ರಕ್ಕೆ ಬೀಗ ಹಾಕಿಸಲು ಅನುಮತಿ ಕೊಡಬಹುದಾದವರು ಆ ಸರಹದ್ದಿನ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ. ಹಾಗೆ ಅನುಮತಿಯಾಗಿ ಎಳೆದರೆ ಖರ್ಚು ಮಾಲೀಕನದು. ಸಾರ್ವಜನಿಕ ಸ್ಥಳವೆಂದರೆ ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಜಾಗ ಎಂದು ಅದೇ ಕಾಯಿದೆಯ ಎರಡನೆಯ ಕಲಮು ಹೇಳುತ್ತದೆ. ಗೇಟು ಹಾಕಿ, ವಾಚ್‌ಮನ್ ಇಟ್ಟು, "ಹೊರಗಿನವರಿಗೆ ಪ್ರವೇಶವಿಲ್ಲ" ಎಂದು ಬೋರ್ಡು ಬರೆಸಿದ ನಮ್ಮ ನೆಲಮಾಳಿಗೆ ಅದು ಹೇಗಾದೀತು? ಅಲ್ಲಿಗೆ ಕ್ರೇನ್ ಕರೆಸುವ ಅಧಿಕಾರ ಈ ಕಲಮಿನಿಂದ ಅಸೋಸಿಯೇಷನ್ನಿಗೆ ಸಿಗುವುದಿಲ್ಲ.

ಪೊಲೀಸರಿಗೆ ಅಧಿಕಾರವಿದ್ದ ಕಡೆಯಲ್ಲೂ ಜನ ಸುಮ್ಮನಿರಲಿಲ್ಲ ಎಂಬುದನ್ನು ನೆನೆಯಬೇಕು. 2022ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಟೋಯಿಂಗ್ ಲಾರಿಯ ಹಿಂದೆ ಓಡುತ್ತ ಬೇಡಿಕೊಳ್ಳುವ ಹುಡುಗನ ವಿಡಿಯೊ ಮನೆಮನೆಯಲ್ಲಿ ಓಡಾಡಿತು. ಅದೇ ತಿಂಗಳು ಹಲಸೂರು ಗೇಟ್ ಬಳಿ ಅಂಗವಿಕಲ ಮಹಿಳೆಯೊಬ್ಬರ ಮೇಲೆ ಪೊಲೀಸ್ ಅಧಿಕಾರಿಯೇ ಕೈ ಮಾಡಿದ ದೃಶ್ಯ ಹೊರಬಂದು, ಆ ಅಧಿಕಾರಿ ಅಮಾನತಾದರು. ಆಗ ಗೃಹ ಸಚಿವರಾಗಿದ್ದವರು ನಮ್ಮ ಜಿಲ್ಲೆಯ ತೀರ್ಥಹಳ್ಳಿಯ ಆರಗ ಜ್ಞಾನೇಂದ್ರ. ಫೆಬ್ರವರಿಯಲ್ಲಿ ಬೆಂಗಳೂರಿನ ಟೋಯಿಂಗನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ನೋ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದರೆ ದಂಡ ಹಾಕಬಾರದೆಂದು ಯಾರೂ ಹೇಳಲಿಲ್ಲ. ಎತ್ತುವ ಮೊದಲು ಕೂಗಿ ಹೇಳಿ, ಮಾಲೀಕ ಬಂದರೆ ಬಿಡಿ, ಮನುಷ್ಯರಂತೆ ಮಾತಾಡಿಸಿ ಎಂಬುದಷ್ಟೇ ಎಲ್ಲರ ಬೇಡಿಕೆಯಾಗಿತ್ತು.

ಇನ್ನು 7ನೇ ನಂಬರಿನ ಬಿಳಿ ಹಾಳೆ. 2010ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟು ಮುಂಬಯಿಯ ಒಂದು ಮೊಕದ್ದಮೆಯಲ್ಲಿ, ನಹಾಲ್‌ಚಂದ್ ಲಾಲೂಚಂದ್ ಎಂಬ ಬಿಲ್ಡರ್ ಸಂಸ್ಥೆಗೂ ಪಾಂಚಾಲಿ ಹೌಸಿಂಗ್ ಸೊಸೈಟಿಗೂ ನಡೆದ ವ್ಯಾಜ್ಯದಲ್ಲಿ, ಕಂಬಗಳ ನಡುವಿನ ಪಾರ್ಕಿಂಗ್ ಜಾಗವನ್ನು ಬಿಲ್ಡರ್ ಪ್ರತ್ಯೇಕವಾಗಿ ಮಾರುವಂತಿಲ್ಲ ಎಂದಿತು. ಅದು ಮಹಾರಾಷ್ಟ್ರದ ಕಾಯಿದೆಯ ಮೇಲಿನ ತೀರ್ಪು. ನಮ್ಮ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯೂ, ಕಟ್ಟಡದ ಘೋಷಣಾ ಪತ್ರದಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಪಾರ್ಕಿಂಗ್ ಜಾಗವನ್ನು ಅಂಗಳ, ತೋಟಗಳ ಜೊತೆ ಸಾಮಾನ್ಯ ಸ್ವತ್ತಿನ ಪಟ್ಟಿಗೆ ಸೇರಿಸುತ್ತದೆ. ಹಾಗಾದರೆ 7ನೇ ನಂಬರು ಯಾರದು? ಘೋಷಣಾ ಪತ್ರ, ಕ್ರಯಪತ್ರ ಎಲ್ಲ ಮುಂದಿಟ್ಟುಕೊಂಡು ತೀರ್ಮಾನಿಸಬೇಕಾದ ಪ್ರಶ್ನೆ ಅದು. ನಮ್ಮ ಓನರಿನ ಮಾತು ಸರಿಯಿರಬಹುದು, ಮೊದಲ ಮಹಡಿಯವರದೂ ಸರಿಯಿರಬಹುದು. ನನಗೆ ಮುಖ್ಯವಾಗಿ ಕಂಡದ್ದು ಇದು: ಜಗಳ ಇದ್ದದ್ದು ಜಾಗದ್ದು, ಎತ್ತಿದ್ದು ಕಾರನ್ನು. ವಿಚಾರಣೆ ಆಗುವ ಮೊದಲೇ ಕ್ರೇನ್ ತೀರ್ಪು ಕೊಟ್ಟುಬಿಟ್ಟಿತ್ತು. ದಂಡವೂ ವಸೂಲಾಗಿತ್ತು.

ಎರಡು ಪುಟದ ಪತ್ರ ಬರೆದೆ. ಬೈಗುಳವಿಲ್ಲ, ಬೇಡಿಕೆಯಿಲ್ಲ, ಐದು ಪ್ರಶ್ನೆ ಮಾತ್ರ. ವಾಹನ ಎತ್ತಿಸಲು ನಿಮ್ಮ ಬೈಲಾದ ಯಾವ ನಿಯಮ ಅಧಿಕಾರ ಕೊಡುತ್ತದೆ? ಈ ಬಗ್ಗೆ ಯಾವ ಸಭೆಯಲ್ಲಿ ನಿರ್ಣಯವಾಗಿದೆ? ನನಗೆ ನೋಟೀಸು ಕೊಟ್ಟದ್ದು ಯಾವಾಗ? ಪೊಲೀಸರ ಅನುಮತಿ ಎಲ್ಲಿ? 3,500 ರೂಪಾಯಿ ಯಾವ ಲೆಕ್ಕಕ್ಕೆ? ಇದನ್ನು ಕೈಯಲ್ಲಿ ಕೊಟ್ಟರೆ ಕಾಫಿಯ ಜೊತೆ ಕರಗಿಹೋಗುತ್ತದೆಂದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಆಗಿನ್ನೂ ರಿಜಿಸ್ಟರ್ ಅಂಚೆಯಿತ್ತು. 2025ರ ಸೆಪ್ಟೆಂಬರ್ 1ರಿಂದ ಅದು ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಎರಡನೆಯ ಮಹಡಿಯಿಂದ ಮೂರನೆಯ ಮಹಡಿಗೆ ಹೋಗಬೇಕಾದ ಪತ್ರ ಅಂಚೆಕಚೇರಿ ಸುತ್ತಿ ಮೂರನೆಯ ದಿನ ಬಂದಾಗ ಪೋಸ್ಟ್‌ಮನ್ನಿಗೇ ನಗು. ಸ್ವೀಕೃತಿಯ ಚೀಟಿಯನ್ನು ನನಗೆ ಕೊಡುತ್ತ, "ಮೆಟ್ಟಿಲು ಹತ್ತಿದ್ದರೆ ಮುಗೀತಿತ್ತಲ್ಲ ಮೇಡಂ" ಎಂದ. ಮೆಟ್ಟಿಲು ಹತ್ತಿ ಆಗಿತ್ತು ಎಂದು ಅವನಿಗೆ ಹೇಳಲಿಲ್ಲ.

ಉತ್ತರ ಬರಲಿಲ್ಲ, ಸಭೆ ಬಂತು. ಒಂದು ಭಾನುವಾರ ಅದೇ ಕಂಬಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಬೈಲಾ ತಂದಿದ್ದರು. ಅದರಲ್ಲಿ ಬಾಕಿದಾರರಿಗೆ ಬಡ್ಡಿಯ ನಿಯಮವಿತ್ತು, ಬಟ್ಟೆ ಒಣಗಿಸುವ ನಿಯಮವಿತ್ತು, ನಾಯಿ ಸಾಕುವ ನಿಯಮವಿತ್ತು. ವಾಹನ ಎತ್ತಿಸುವ ನಿಯಮವಿರಲಿಲ್ಲ. ಮೊದಲ ಮಹಡಿಯವರು ತಮ್ಮ ಬಿಳಿ ಹಾಳೆ ಓದಿದರು. ನಮ್ಮ ಓನರ್ ಮೈಸೂರಿನಿಂದ ಫೋನಿನಲ್ಲೇ ತಮ್ಮ ಕ್ರಯಪತ್ರ ಓದಿದರು. ಎತ್ತು ಏರಿಗೆ, ಕೋಣ ನೀರಿಗೆ ಎನ್ನುವಂತಾಯಿತು. ನಾನು ಹಿಂಬರಹದ ಪ್ರತಿಯನ್ನು ಎಲ್ಲರ ಕೈಗೆ ಕೊಟ್ಟೆ. ಟೈಲ್ಸಿನ ಮೇಲೆ ಇನ್ನೂ ಅಳಿಯದ ಎರಡು ಗೆರೆ ತೋರಿಸಿ, "ಇದಕ್ಕೆ ಯಾರ ಸಹಿ ಇದೆ ಅಂತ ಮಾತ್ರ ಹೇಳಿ" ಎಂದೆ.

ಆಗ ಮೂರನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿಯೊಬ್ಬಳು ಎದ್ದು ನಿಂತಳು. ನರ್ಸು, ರಾತ್ರಿ ಪಾಳಿಯ ಕೆಲಸ. ಮೂರು ತಿಂಗಳ ಹಿಂದೆ ಅವಳ ಸ್ಕೂಟಿಯನ್ನೂ ಹೀಗೇ ಎತ್ತಿಸಿದ್ದರಂತೆ. 1,200 ರೂಪಾಯಿ ಕೊಟ್ಟು ಬಿಡಿಸಿಕೊಂಡು ಬಂದಿದ್ದಳಂತೆ. "ಯಾಕಮ್ಮ ಹೇಳಲಿಲ್ಲ?" ಎಂದು ಯಾರೋ ಕೇಳಿದರು. "ಮನೆ ಬಿಡಿ ಅಂದ್ರೆ ಎಲ್ಲಿಗೆ ಹೋಗ್ಲಿ ಆಂಟಿ?" ಎಂದಳು. ಅದಕ್ಕೆ ಯಾರೂ ಉತ್ತರ ಹೇಳಲಿಲ್ಲ. ಮುಂದಿನ ಸಾಲಿನಲ್ಲಿದ್ದ, ಸ್ವಂತ ಮನೆಯವರೇ ಆದ ಒಬ್ಬ ಅಜ್ಜಿ ಕೋಲು ಊರಿಕೊಂಡು, "ನಿಲ್ಲಿಸಿದ್ದು ಸರಿಯೋ ತಪ್ಪೋ ಆಮೇಲೆ ನೋಡನ. ಕೇಳದೆ ಯಾಕೆ ಎತ್ತಿದ್ರಿ, ಅದನ್ನ ಹೇಳಿ ಮೊದಲು" ಎಂದರು. ಸಭೆಯ ದಿಕ್ಕು ಬದಲಾದದ್ದು ಆ ಮಾತಿನಿಂದ. ನನ್ನ ಕಲಮುಗಳಿಂದಲ್ಲ.

ಗೆದ್ದೆನೇ ಎಂದರೆ ಪೂರ್ತಿ ಇಲ್ಲ. ಎಳೆದ ಬಾಬ್ತು 2,000 ರೂಪಾಯಿಯನ್ನು ಅಸೋಸಿಯೇಷನ್ ವಾಪಸು ಕೊಟ್ಟಿತು. ನರ್ಸು ಹುಡುಗಿಗೆ 1,200 ಕೊಟ್ಟರು. ನಿಲ್ಲಿಸಿಕೊಂಡ ಬಾಡಿಗೆ 1,500, ತೇದುಹೋದ ಎರಡು ಟೈರು ನನ್ನ ಲೆಕ್ಕಕ್ಕೇ ಉಳಿದವು. ಅದಕ್ಕೂ ಕೇಸು ಹಾಕೋಣವೆಂದ ನನ್ನ ಶಿಷ್ಯ. ವಾರದಲ್ಲಿ ಎರಡು ದಿನ ಆಸ್ಪತ್ರೆ, ಉಳಿದ ದಿನ ಶಾಲೆ, ಅದರ ನಡುವೆ ಕೋರ್ಟಿನ ವಾಯಿದೆಗೆ ದಿನ ಎಲ್ಲಿಂದ ತರಲಿ? ನಮ್ಮಲ್ಲಿ ಬಹಳಷ್ಟು ಹಕ್ಕುಗಳು ಹೀಗೆಯೇ ಉಳಿದುಹೋಗುತ್ತವೆ. ಸುಳ್ಳಾದದ್ದರಿಂದಲ್ಲ, ರಜೆ ಸಾಲದ್ದರಿಂದ. 7ನೇ ನಂಬರಿನ ವ್ಯಾಜ್ಯ ಇಬ್ಬರು ಮಾಲೀಕರ ವಕೀಲರ ನಡುವೆ ಇನ್ನೂ ನಡೆದಿದೆ. ಅದು ಮುಗಿಯುವ ತನಕ ನಮ್ಮ ಕಾರು ಅಲ್ಲೇ ನಿಲ್ಲಬೇಕೆಂದು ಸಭೆ ಒಪ್ಪಿ ಬರೆದುಕೊಂಡಿದೆ.

ಇದಕ್ಕಿಂತ ದೊಡ್ಡದಾಗಿ ನನಗೆ ಕಾಣುವುದು ಲಿಫ್ಟಿನ ಪಕ್ಕದಲ್ಲಿ ಅಂಟಿಸಿರುವ ಅರ್ಧ ಹಾಳೆ. ಯಾವ ವಾಹನದ ಬಗ್ಗೆ ತಕರಾರಿದ್ದರೂ ಅದರ ಗಾಜಿಗೆ ಚೀಟಿ ಅಂಟಿಸಬೇಕು. ಮನೆಯ ಬಾಗಿಲಿಗೆ ಹೋಗಿ, ಬಾಡಿಗೆಯವರಾದರೂ ಸರಿ, ಲಿಖಿತವಾಗಿ ತಿಳಿಸಬೇಕು. ಏಳು ದಿನ ಕಾಯಬೇಕು. ಆಮೇಲೂ ಬಗೆಹರಿಯದಿದ್ದರೆ ಪೊಲೀಸರಿಗೆ ಬರೆಯಬೇಕು. ಅಸೋಸಿಯೇಷನ್ ತಾನಾಗಿ ಯಾವ ವಾಹನವನ್ನೂ ಎತ್ತಿಸತಕ್ಕದ್ದಲ್ಲ. ನಾಲ್ಕೈದು ಸಾಲು. ಕೆಳಗೆ ಸೆಕ್ರೆಟರಿಯವರ ಸಹಿ ಮತ್ತು ಮೊಹರು. ತರಗತಿಯಲ್ಲಿ ಹುಡುಗರ ಚೆಂಡು ಕಿತ್ತಿಟ್ಟುಕೊಳ್ಳುವ ಮೇಷ್ಟರಿಗೂ ಅದನ್ನು ಯಾಕೆ ಕಿತ್ತುಕೊಂಡೆ, ಯಾವಾಗ ಕೊಡುತ್ತೇನೆ ಎಂದು ಹೇಳುವ ಜವಾಬ್ದಾರಿ ಇರುತ್ತದೆ. ಹೇಳದಿದ್ದರೆ ಮಕ್ಕಳು ಅವರಿಗೆ ಹೆದರಬಹುದು, ನಂಬುವುದಿಲ್ಲ. ಒಂದೇ ಸೂರಿನಡಿ ಬದುಕುವ ಹನ್ನೆರಡು ಮನೆಗಳಿಗೂ ಇದೇ ಮಾತು. ಕಾರು ಎತ್ತುವುದಕ್ಕೆ ಹತ್ತು ನಿಮಿಷ ಸಾಕು. ಆಮೇಲೆ ಲಿಫ್ಟಿನಲ್ಲಿ ಎದುರುಬದುರು ನಿಂತಾಗ ಮುಖ ಎತ್ತಲು ತಿಂಗಳುಗಳು ಬೇಕಾಗುತ್ತವೆ. ಸೆಕ್ರೆಟರಿಯವರಿಗೂ ನನಗೂ ಬೇಕಾಯಿತು.

ಮೊನ್ನೆ ಸಂಕಷ್ಟಿಯ ದಿನ ಶಾಲೆಯಿಂದ ಬಂದು ನೋಡಿದರೆ ನಮ್ಮ 7ನೇ ನಂಬರಿನಲ್ಲಿ ಯಾವುದೋ ಗುರುತಿಲ್ಲದ ಕಾರು. ದೇವಸ್ಥಾನದ ಬೀದಿ ತುಂಬಿ ತುಳುಕುತ್ತಿತ್ತು. ತೆರೆದ ಗೇಟು ಕಂಡು ಯಾರೋ ಒಳಗೆ ತಂದು ನಿಲ್ಲಿಸಿದ್ದರು. ವಾಚ್‌ಮನ್ ನನ್ನ ಮುಖ ನೋಡಿ ನಕ್ಕು, "ಕ್ರೇನ್‌ನೋರ ನಂಬರು ಇನ್ನೂ ಇದೆ ಮೇಡಂ" ಎಂದ. ಒಂದು ಚೀಟಿ ಬರೆದು ಗಾಜಿಗೆ ಸಿಕ್ಕಿಸಿ, ನನ್ನ ಕಾರನ್ನು ಹೊರಗೆ ಬೇವಿನ ಮರದ ಕೆಳಗೆ ನಿಲ್ಲಿಸಿ ಮೇಲೆ ಹೋದೆ. ಇಪ್ಪತ್ತು ನಿಮಿಷಕ್ಕೆ ಬೆಲ್ಲಾಯಿತು. ಕೈಯಲ್ಲಿ ಹೂವು ಹಣ್ಣಿನ ತಟ್ಟೆ ಹಿಡಿದ ದಂಪತಿಗಳು, ಭದ್ರಾವತಿಯಿಂದ ಬಂದವರು. "ತಪ್ಪಾಯ್ತಮ್ಮ" ಎಂದು ಹೇಳಿ, ನಾಲ್ಕು ಕಡುಬು ಕೊಟ್ಟು, ಕಾರು ತೆಗೆದುಕೊಂಡು ಹೋದರು.